ಪ್ರಯೋಗ ಮರುಕಳಿಸುತ್ತಿಲ್ಲವೇ? ಮೊದಲು ಕೋಶಗಳ ವಯಸ್ಸು ಕೇಳಿ

ಆರು ತಿಂಗಳ ಹಿಂದೆ ಸಲೀಸಾಗಿ ಬಂದಿದ್ದ ಫಲಿತಾಂಶ ಈಗ ಬರುತ್ತಿಲ್ಲ. ಔಷಧಿ ಅದೇ, ಪ್ಲೇಟ್ ರೀಡರ್ ಅದೇ, ಪ್ರಯೋಗ ಮಾಡುವ ಕೈಯೂ ಅದೇ. ಆದರೆ ಕೋಶಗಳ ಬೆಳವಣಿಗೆಯನ್ನು ಅರ್ಧಕ್ಕೆ ಇಳಿಸಲು ಬೇಕಾಗುವ ಔಷಧಿಯ ಪ್ರಮಾಣ, ಅಂದರೆ ಐಸಿ50, ಮೂರು ನಾಲ್ಕು ಪಟ್ಟು ಮೇಲೇರಿದೆ. ಇಂಥ ಹೊತ್ತಿನಲ್ಲಿ ಲ್ಯಾಬಿನಲ್ಲಿ ಮೊದಲು ಆಗುವ ಕೆಲಸ ಹೊಸ ಔಷಧಿ ತರಿಸುವುದು. ಆಮೇಲೆ ಪಿಪೆಟ್‌ಗಳ ಕ್ಯಾಲಿಬ್ರೇಶನ್. ಅಲ್ಲೂ ಏನೂ ಸಿಗದಿದ್ದರೆ ಪ್ರಯೋಗ ಮಾಡಿದ ವಿದ್ಯಾರ್ಥಿಯ ಮೇಲೆ ಅನುಮಾನ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ನಮ್ಮಲ್ಲೂ ಹೀಗೇ ಆಗಿತ್ತು. ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ನಾಲ್ಕು ತಿಂಗಳು ಒಂದೇ ಪ್ಲೇಟನ್ನು (ಸಣ್ಣ ಗುಳಿಗಳಲ್ಲಿ ಕೋಶ ಬೆಳೆಸಿ ಔಷಧಿ ಹಾಕುವ ತಟ್ಟೆ) ಮತ್ತೆ ಮತ್ತೆ ಮಾಡಿದಳು. ಪ್ರತಿ ಸಲವೂ ಔಷಧಿಗೆ ಕೋಶಗಳು ಮೊದಲಿನಷ್ಟು ಬಗ್ಗಲಿಲ್ಲ. ಕೊನೆಗೆ ಒಂದು ದಿನ ಫ್ಲಾಸ್ಕ್ ಹಿಡಿದುಕೊಂಡು ಬಂದು, "ಮೇಡಂ, ಇದರ ಮೇಲೆ ಪಿ 22 ಅಂತಿದೆ. ಈ 22 ಎಲ್ಲಿಂದ ಎಣಿಸಿದ್ದು?" ಅಂದಳು. ಪಿ ಅಂದರೆ ಪ್ಯಾಸೇಜ್, ಕೋಶಗಳನ್ನು ಒಂದು ಫ್ಲಾಸ್ಕಿನಿಂದ ಕಿತ್ತು ಹೊಸದಕ್ಕೆ ಹಾಕಿದ ಸರದಿ. ನನ್ನ ಹತ್ತಿರ ಉತ್ತರ ಇರಲಿಲ್ಲ. ರಿಜಿಸ್ಟರ್ ತೆಗೆದು ನೋಡಿದರೆ, ಆ 22 ಕೋಶಗಳು ನಮ್ಮ ಲ್ಯಾಬಿಗೆ ಬಂದ ದಿನದಿಂದ ಎಣಿಸಿದ್ದು. ಕೊಟ್ಟ ಲ್ಯಾಬಿನವರು ಅದಕ್ಕೂ ಮೊದಲು ಎಷ್ಟು ಸಲ ಬೆಳೆಸಿದ್ದರೆಂದು ಎಲ್ಲೂ ಬರೆದಿರಲಿಲ್ಲ, ನಾವೂ ಕೇಳಿರಲಿಲ್ಲ. ಅವಳ ಆ ಪ್ರಶ್ನೆಯಿಂದ ಮುಂದೆ ನಾವು ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದೇ ಗೋಳಿನಲ್ಲಿರುವವರಿಗೆ ನಾಲ್ಕು ತಿಂಗಳು ಉಳಿಯಲಿ ಅನ್ನುವುದೇ ನನ್ನ ಆಸೆ.

ಯಾವಾಗ ಅನುಮಾನ ಪಡಬೇಕು

ಕೋಶಗಳು ಬದಲಾಗುತ್ತಿದ್ದರೆ ಪ್ರಯೋಗ ಕೆಡುವ ಮೊದಲೇ ಫ್ಲಾಸ್ಕಿನಲ್ಲಿ ಸುಳಿವು ಸಿಗುತ್ತದೆ, ನೋಡುವ ಕಣ್ಣು ಬೇಕು ಅಷ್ಟೇ. ಶುಕ್ರವಾರ ಸ್ಪ್ಲಿಟ್ ಮಾಡಿದ, ಅಂದರೆ ಕೋಶಗಳನ್ನು ಕಿತ್ತು ಹಂಚಿದ, ಫ್ಲಾಸ್ಕಿನ ಮೀಡಿಯಾ (ಕೋಶಗಳನ್ನು ಬೆಳೆಸುವ ದ್ರವ) ಸೋಮವಾರ ಬೆಳಿಗ್ಗೆ ಕಿತ್ತಳೆ ಬಣ್ಣದಲ್ಲಿರುವ ಬದಲು ಹಳದಿಗೆ ತಿರುಗಿರುತ್ತದೆ. ಮೊದಲು ದ್ವೀಪಗಳಂತೆ ಗುಂಪು ಗುಂಪಾಗಿ ಬೆಳೆಯುತ್ತಿದ್ದ ಕೋಶಗಳು ಈಗ ಫ್ಲಾಸ್ಕಿನ ತಳದಲ್ಲಿ ಚಾಪೆ ಹಾಸಿದಂತೆ ಒಂದೇ ಸಮ ಹರಡಿರುತ್ತವೆ. ಕೋಶಗಳನ್ನು ತಳದಿಂದ ಬಿಡಿಸುವ ಕಿಣ್ವವಾದ ಟ್ರಿಪ್ಸಿನ್ ಹಾಕಿದರೆ ಐದು ನಿಮಿಷ ಹಿಡಿಯುತ್ತಿದ್ದದ್ದು ಎರಡೇ ನಿಮಿಷದಲ್ಲಿ ಕಿತ್ತು ಬರುತ್ತವೆ. ಇವೆಲ್ಲ ಒಟ್ಟಿಗೆ ಕಂಡರೆ ನಿಮ್ಮ ಹತ್ತಿರ ಇರುವುದು ಹೆಸರಿಗೆ ಮಾತ್ರ ಹಳೆಯ ಸೆಲ್ ಲೈನ್ (ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಕೋಶಗಳು).

ಕೆಲವು ಸೆಲ್ ಲೈನ್‌ಗಳಲ್ಲಿ ರೂಪ ಹಾಗೇ ಇದ್ದು ಕೆಲಸ ಮಾತ್ರ ನಿಂತುಹೋಗುತ್ತದೆ. ಇನ್ಸುಲಿನ್ ಸ್ರವಿಸುವ ಮಿನ್6 ಕೋಶಗಳು ಹೆಚ್ಚು ಪ್ಯಾಸೇಜ್ ಆದಂತೆ ಗ್ಲೂಕೋಸ್‌ಗೆ ಸ್ಪಂದಿಸುವುದನ್ನು ಬಿಡುತ್ತಾ ಬರುತ್ತವೆ. ಪ್ರಾಸ್ಟೇಟ್ ಕ್ಯಾನ್ಸರಿನ ಎಲ್‌ಎನ್‌ಕ್ಯಾಪ್ ಕೋಶಗಳು ಆರಂಭದಲ್ಲಿ ಆಂಡ್ರೋಜನ್ ಹಾರ್ಮೋನಿನ ಮೇಲೆ ಅವಲಂಬಿಸಿರುತ್ತವೆ, ಬಹಳ ಪ್ಯಾಸೇಜ್ ಆದಮೇಲೆ ಅದಿಲ್ಲದೆಯೂ ಬೆಳೆಯಲು ಕಲಿಯುತ್ತವೆ. ಕರುಳಿನ ಗೋಡೆಯ ಮಾದರಿಯಾಗಿ ಬಳಸುವ ಕ್ಯಾಕೋ-2 ಕೋಶಗಳನ್ನು ಸುಮಾರು 21 ದಿನ ಬೆಳೆಸಿ ಪದರದ ವಿದ್ಯುತ್ ಪ್ರತಿರೋಧ ಅಳೆಯುತ್ತೇವಲ್ಲ, ಪ್ಯಾಸೇಜ್ ಬದಲಾದರೆ ಆ ಅಳತೆಯೂ ಬದಲಾಗುತ್ತದೆ. ಮೈಕ್ರೋಸ್ಕೋಪಿನಲ್ಲಿ ಈ ಯಾವುದೂ ಕಾಣುವುದಿಲ್ಲ.

ಲೇಬಲ್ ಮೇಲಿನ ಸಂಖ್ಯೆಯನ್ನು ನಂಬುವ ಮೊದಲು

ಪ್ಯಾಸೇಜ್ ಸಂಖ್ಯೆ ಹೇಳುವುದು ಕೋಶಗಳನ್ನು ಎಷ್ಟು ಸಲ ಕಿತ್ತು ಬೇರೆ ಫ್ಲಾಸ್ಕಿಗೆ ಹಾಕಿದಿರಿ ಎಂಬುದನ್ನು. ಕೋಶಗಳು ಎಷ್ಟು ಸಲ ಇಮ್ಮಡಿಯಾದವು ಎಂಬುದು ಬೇರೆಯೇ ಲೆಕ್ಕ. ಒಂದು ಫ್ಲಾಸ್ಕನ್ನು ಎರಡು ಮಾಡಿದರೆ, ಅವು ಮತ್ತೆ ತುಂಬುವಷ್ಟರಲ್ಲಿ ಕೋಶಗಳು ಒಂದು ಸಲ ಇಮ್ಮಡಿಯಾಗಿರುತ್ತವೆ. ನಾಲ್ಕು ಮಾಡಿದರೆ ಎರಡು ಸಲ, ಎಂಟು ಮಾಡಿದರೆ ಮೂರು ಸಲ, ಹದಿನಾರು ಮಾಡಿದರೆ ನಾಲ್ಕು ಸಲ. ಹಾಗಾಗಿ ಯಾವಾಗಲೂ ಎರಡಾಗಿ ಹಂಚುವ ಲ್ಯಾಬಿನ ಪಿ 20 ಎಂದರೆ 20 ಇಮ್ಮಡಿ. ಹದಿನಾರಾಗಿ ಹಂಚುವ ಲ್ಯಾಬಿನ ಪಿ 20 ಎಂದರೆ 80 ಇಮ್ಮಡಿ. ಲೇಬಲ್ ಒಂದೇ, ಕೋಶಗಳ ಆಯುಸ್ಸು ನಾಲ್ಕು ಪಟ್ಟು ಬೇರೆ.

ಸರಿಯಾದ ಲೆಕ್ಕ ಬೇಕಿದ್ದರೆ ಪ್ರತಿ ಸಲ ಕೋಶಗಳನ್ನು ಎಣಿಸಿ. ಕಿತ್ತಾಗ ಸಿಕ್ಕ ಸಂಖ್ಯೆಯನ್ನು ಹಿಂದೆ ಹಾಕಿದ್ದ ಸಂಖ್ಯೆಯಿಂದ ಭಾಗಿಸಿ, ಅದರ ಲಾಗರಿದಮ್ (ಬೇಸ್ 10) ತೆಗೆದು 3.32ರಿಂದ ಗುಣಿಸಿ. ಬರುವ ಉತ್ತರ ಆ ಒಂದು ಪ್ಯಾಸೇಜಿನಲ್ಲಿ ಆದ ಇಮ್ಮಡಿಗಳು. ಇದನ್ನು ಹಿಂದಿನದಕ್ಕೆ ಕೂಡಿಸುತ್ತಾ ಹೋಗಿ. ಹಾಕಿದ ಕೋಶಗಳಲ್ಲಿ ಕೆಲವು ತಳಕ್ಕೆ ಅಂಟದೆ ಸಾಯುತ್ತವೆ. ಆದ್ದರಿಂದ ನಿಜವಾದ ಸಂಖ್ಯೆ ನಿಮ್ಮ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಇದರಿಂದ ಆದ ಅನಾಹುತ ಸಣ್ಣದಲ್ಲ. ಹುಡ್ (ಶುದ್ಧ ಗಾಳಿ ಹಾಯುವ ಕೆಲಸದ ಪೆಟ್ಟಿಗೆ) ಒಳಗೆ ಇಡುವ ಮೊದಲು ಫ್ಲಾಸ್ಕಿನ ಮೇಲೆ 70% ಆಲ್ಕೋಹಾಲ್ ಸಿಂಪಡಿಸುತ್ತೇವೆ. ಅದಕ್ಕೆ ಎಷ್ಟೋ ಮಾರ್ಕರ್ ಪೆನ್ನುಗಳ ಬರಹ ಕರಗಿ ಹೋಗುತ್ತದೆ. ಅಳಿಸಿದ್ದನ್ನು ಯಾರೋ ನೆನಪಿನಿಂದ ಮತ್ತೆ ಬರೆಯುತ್ತಾರೆ. ನಮ್ಮ ಫ್ಲಾಸ್ಕಿನ ಮೇಲೆ 22ರ ಕೆಳಗೆ ಮಸುಕಾಗಿ 27ರಂತೆ ಏನೋ ಕಾಣುತ್ತಿತ್ತು. ಸಂಖ್ಯೆಯನ್ನು ರಿಜಿಸ್ಟರ್‌ನಲ್ಲಿ ಹುಡುಕಬೇಕು, ಫ್ಲಾಸ್ಕಿನ ಮೇಲಲ್ಲ ಎಂದು ಹೇಳುವುದು ಇದಕ್ಕೇ.

ಒಳಗೆ ನಿಜವಾಗಿ ಏನಾಗುತ್ತಿದೆ

ಫ್ಲಾಸ್ಕಿನಲ್ಲಿರುವ ಕೋಶಗಳೆಲ್ಲ ಒಂದೇ ಅಚ್ಚಿನವು ಎಂದುಕೊಂಡು ನಾವು ಕೆಲಸ ಮಾಡುತ್ತೇವೆ. ಹಾಗಿರುವುದಿಲ್ಲ. ಒಂದೊಂದಕ್ಕೂ ಕ್ರೋಮೋಸೋಮ್ ಸಂಖ್ಯೆಯಲ್ಲಿ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದರಲ್ಲಿ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರತಿ ಸಲ ನಾವು ಕಿತ್ತು, ಒಂದು ಪಾಲು ಇಟ್ಟುಕೊಂಡು, ಉಳಿದದ್ದನ್ನು ಚೆಲ್ಲಿದಾಗ ನಮಗೆ ಗೊತ್ತಿಲ್ಲದೆಯೇ ಆಯ್ಕೆ ಮಾಡುತ್ತಿರುತ್ತೇವೆ. ಬೇಗ ಬೆಳೆಯುವ, ಬೇಗ ಅಂಟುವ, ಟ್ರಿಪ್ಸಿನ್‌ನ ಹೊಡೆತ ತಾಳುವ ಕೋಶಗಳ ಪಾಲು ಪ್ರತಿ ಸುತ್ತಿಗೂ ದೊಡ್ಡದಾಗುತ್ತದೆ.

ಎಷ್ಟು ಬೇಗ? ಕೈಲೆಕ್ಕ ಹಾಕಿ ನೋಡೋಣ. ನೂರರಲ್ಲಿ 99 ಕೋಶಗಳು 24 ಗಂಟೆಗೆ ಒಮ್ಮೆ ಇಮ್ಮಡಿಯಾಗುತ್ತವೆ, ಒಂದು ಮಾತ್ರ 20 ಗಂಟೆಗೇ ಇಮ್ಮಡಿಯಾಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕು ಗಂಟೆಯ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. 30 ದಿನದಲ್ಲಿ ಮಾಮೂಲಿ ಕೋಶಗಳು 30 ಸಲ ಇಮ್ಮಡಿಯಾದರೆ ಆ ಚುರುಕಿನದು 36 ಸಲ ಇಮ್ಮಡಿಯಾಗಿರುತ್ತದೆ. ಆರು ಇಮ್ಮಡಿ ಮುಂದೆ, ಅಂದರೆ 64 ಪಟ್ಟು. 1ಕ್ಕೆ 99 ಇದ್ದದ್ದು 64ಕ್ಕೆ 99 ಆಯಿತು, ಹೆಚ್ಚುಕಡಿಮೆ 39%. ಇನ್ನೂ 30 ದಿನ ಕಳೆದರೆ ಮುನ್ನಡೆ 4096 ಪಟ್ಟು, ಆಗ ಫ್ಲಾಸ್ಕಿನಲ್ಲಿ ಸುಮಾರು 98% ಅದೇ. ವಾರಕ್ಕೆ ಎರಡು ಸಲ ಸ್ಪ್ಲಿಟ್ ಮಾಡುವವರಿಗೆ ಈ ಎರಡು ತಿಂಗಳು ಅಂದರೆ ಹದಿನೇಳು ಪ್ಯಾಸೇಜ್. ಪಿ 8ರಿಂದ ಪಿ 25 ಆಗುವಷ್ಟರಲ್ಲಿ ನೂರರಲ್ಲಿ ಒಂದಾಗಿದ್ದದ್ದು ಇಡೀ ಫ್ಲಾಸ್ಕನ್ನು ಆಕ್ರಮಿಸಿರುತ್ತದೆ. ಅದಕ್ಕೆ ನಿಮ್ಮ ಔಷಧಿ ತಾಗದಿದ್ದರೆ ಪ್ರಯೋಗ ಎಲ್ಲಿಂದ ಮರುಕಳಿಸಬೇಕು?

ಸ್ನಾಯುಕೋಶಗಳ ಸಿ2ಸಿ12 ಸೆಲ್ ಲೈನ್‌ನಲ್ಲಿ ಇದೇ ಆಯ್ಕೆ ಇನ್ನೂ ಕ್ರೂರವಾಗಿ ಕಾಣುತ್ತದೆ. ಈ ಕೋಶಗಳು ಒತ್ತಾಗಿ ಬೆಳೆದಾಗ ಒಂದಕ್ಕೊಂದು ಕೂಡಿಕೊಂಡು ಉದ್ದನೆಯ ಸ್ನಾಯು ನಾಳಗಳಾಗಬೇಕು. ನಮಗೆ ಬೇಕಾಗಿರುವುದೂ ಅದೇ. ಕೂಡಿಕೊಂಡ ಕೋಶ ಮತ್ತೆ ವಿಭಜನೆಯಾಗುವುದಿಲ್ಲ. ಶನಿವಾರ ಸ್ಪ್ಲಿಟ್ ಮಾಡುವುದನ್ನು ಮರೆತು ಫ್ಲಾಸ್ಕ್ ತುಂಬಿ ತುಳುಕಲು ಬಿಟ್ಟಿರಿ ಎನ್ನಿ. ಒಳ್ಳೆಯ ಕೋಶಗಳು ಅಲ್ಲೇ ಸ್ನಾಯುವಾಗಿ ಸಾಲಿನಿಂದ ಹೊರಬಿದ್ದವು. ಸೋಮವಾರ ನೀವು ಕಿತ್ತು ಮುಂದಕ್ಕೆ ಸಾಗಿಸುವುದು ಸ್ನಾಯುವಾಗಲು ಬಾರದ ಕೋಶಗಳನ್ನು. ಇಂಥ ನಾಲ್ಕು ವಾರಾಂತ್ಯ ಸಾಕು, ಆಮೇಲೆ ಎಷ್ಟು ಒಳ್ಳೆಯ ಮೀಡಿಯಾ ಹಾಕಿದರೂ ನಾಳಗಳು ಬರುವುದಿಲ್ಲ. ಕೊಬ್ಬಿನ ಕೋಶಗಳಾಗಬೇಕಾದ 3ಟಿ3-ಎಲ್1 ಬಳಸುವವರಿಗೂ ಇದೇ ಎಚ್ಚರಿಕೆ.

3ಟಿ3 ಎಂಬ ಹೆಸರಿನಲ್ಲೇ ಈ ಪಾಠ ಇದೆ. 1960ರ ದಶಕದ ಮೊದಲಲ್ಲಿ ಜಾರ್ಜ್ ಟೊಡಾರೊ ಮತ್ತು ಹೋವರ್ಡ್ ಗ್ರೀನ್ ಇಲಿಯ ಭ್ರೂಣದ ಕೋಶಗಳನ್ನು ಮೂರು ದಿನಕ್ಕೊಮ್ಮೆ, ಪ್ರತಿ ತಟ್ಟೆಗೆ 3 ಲಕ್ಷದಂತೆ ವರ್ಗಾಯಿಸುತ್ತಾ ಹೋದರು. ಮೂರು ದಿನದ ವರ್ಗಾವಣೆ (ಟ್ರಾನ್ಸ್‌ಫರ್), ಮೂರು ಲಕ್ಷ ಕೋಶ, ಹಾಗಾಗಿ 3ಟಿ3. ಅವರೇ ತಟ್ಟೆಗೆ 12 ಲಕ್ಷ ಹಾಕಿ ಎಬ್ಬಿಸಿದ್ದು 3ಟಿ12. ಮೊದಲನೆಯದು ಒಂದಕ್ಕೊಂದು ತಗುಲಿದೊಡನೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಎರಡನೆಯದು ನಿಲ್ಲದೆ ಒಂದರ ಮೇಲೊಂದು ಹತ್ತಿ ಬೆಳೆಯುತ್ತದೆ. ಎರಡೂ ಇಲಿಯ ಭ್ರೂಣದ ಕೋಶಗಳೇ, ಬೇರೆಯಾದದ್ದು ತಟ್ಟೆಗೆ ಹಾಕುತ್ತಿದ್ದ ಸಂಖ್ಯೆ. ನಿಮ್ಮ ಲ್ಯಾಬಿನಲ್ಲಿ ಒಬ್ಬರು ಐದಾಗಿ, ಇನ್ನೊಬ್ಬರು ಹದಿನೈದಾಗಿ ಹಂಚುತ್ತಿದ್ದರೆ ನಿಮ್ಮಲ್ಲಿರುವುದು ಎರಡು ಸೆಲ್ ಲೈನ್ ಎಂದೇ ತಿಳಿಯಿರಿ.

ಇದು ಅಲ್ಲೊಂದು ಇಲ್ಲೊಂದು ಲ್ಯಾಬಿನ ಸಮಸ್ಯೆಯೂ ಅಲ್ಲ. 2018ರಲ್ಲಿ ಎಂಸಿಎಫ್-7ರ 27 ತಳಿಗಳನ್ನು ಒಟ್ಟಿಗಿಟ್ಟು 321 ಔಷಧಿಗಳನ್ನು ಪರೀಕ್ಷಿಸಿದ ಅಧ್ಯಯನ ಬಂತು. ಕೆಲವು ತಳಿಗಳನ್ನು ಬಲವಾಗಿ ತಡೆದ ಔಷಧಿಗಳಲ್ಲಿ ಕನಿಷ್ಠ 75% ಬೇರೆ ಕೆಲವು ತಳಿಗಳ ಮೇಲೆ ಏನೇನೂ ಮಾಡಲಿಲ್ಲ. ಮರುವರ್ಷ ಗರ್ಭಕಂಠದ ಕ್ಯಾನ್ಸರಿನ ಹೀಲಾ ಕೋಶಗಳ ಸರದಿ. 13 ಲ್ಯಾಬ್‌ಗಳಿಂದ ತಂದ 14 ಹೀಲಾಗಳು ಜೀನ್‌ಗಳ ಪ್ರತಿ ಸಂಖ್ಯೆಯಲ್ಲೂ ಪ್ರೋಟೀನ್ ಮಟ್ಟದಲ್ಲೂ ಒಂದಕ್ಕೊಂದು ಹೊಂದಲಿಲ್ಲ, ಒಂದೇ ಹೀಲಾವನ್ನು 50 ಪ್ಯಾಸೇಜ್ ಬೆಳೆಸಿದರೆ ಅದು ತನ್ನಿಂದ ತಾನೇ ದೂರ ಸರಿಯುತ್ತಾ ಹೋಯಿತು. ಈ ಎರಡು ಫಲಿತಾಂಶಗಳನ್ನು ಓದಿದ ದಿನ ನಾನು ಆ ವಿದ್ಯಾರ್ಥಿನಿಯನ್ನು ಕರೆದು ಕ್ಷಮೆ ಕೇಳಿದೆ.

ಸಾವಿರುವ ಕೋಶಗಳ ಕಥೆ ಬೇರೆ. ಚರ್ಮದಿಂದಲೋ ಶ್ವಾಸಕೋಶದಿಂದಲೋ ನೇರವಾಗಿ ತೆಗೆದ ಫೈಬ್ರೋಬ್ಲಾಸ್ಟ್‌ಗಳು (ಅಂಗಾಂಶಗಳನ್ನು ಜೋಡಿಸುವ ಕೋಶಗಳು) ಬೇಗವಾಗುವುದಿಲ್ಲ, ನಿಧಾನವಾಗುತ್ತವೆ. ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ ತೋರಿಸಿದಂತೆ, ಸುಮಾರು 50 ಇಮ್ಮಡಿಗಳ ಹೊತ್ತಿಗೆ ಅವು ನಿಂತೇ ಬಿಡುತ್ತವೆ. ಕೋಶಗಳು ದೊಡ್ಡದಾಗಿ, ಚಪ್ಪಟೆಯಾಗಿ, ಹಪ್ಪಳದಂತೆ ಹರಡಿಕೊಂಡಿದ್ದರೆ ಪಿಎಚ್ 6ರಲ್ಲಿ ಬೀಟಾ-ಗ್ಯಾಲಕ್ಟೋಸಿಡೇಸ್ ಬಣ್ಣ ಹಾಕಿ ನೋಡಿ. ನೀಲಿ ಕೋಶಗಳು ಬಹಳವಿದ್ದರೆ ಅದು ಮುಪ್ಪು, ಆ ಫ್ಲಾಸ್ಕಿನಿಂದ ಇನ್ನು ಯಾವ ಅಳತೆಯನ್ನೂ ತೆಗೆಯಬೇಡಿ.

ನಿರ್ಣಾಯಕ ಪರೀಕ್ಷೆ: ಹಳೆಯ ವಯಲ್ ಪಕ್ಕಕ್ಕಿಟ್ಟು ನೋಡುವುದು

ಉಳಿದೆಲ್ಲ ಪರೀಕ್ಷೆಗಳಿಗಿಂತ ಇದೊಂದೇ ಹೆಚ್ಚು ಹೇಳುತ್ತದೆ. ಲಿಕ್ವಿಡ್ ನೈಟ್ರೋಜನ್ ಟ್ಯಾಂಕಿನಲ್ಲಿ ನಿಮ್ಮ ಬಳಿ ಇರುವ ಅತಿ ಮೊದಲ ಪ್ಯಾಸೇಜಿನ ವಯಲ್ (ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ಸಣ್ಣ ಸೀಸೆ) ಹುಡುಕಿ. ಅದನ್ನು ಕರಗಿಸಿ ಎಬ್ಬಿಸಿ, ಈಗ ತೊಂದರೆ ಕೊಡುತ್ತಿರುವ ಕೋಶಗಳ ಪಕ್ಕದಲ್ಲೇ, ಅದೇ ದಿನ, ಅದೇ ಪ್ಲೇಟಿನಲ್ಲಿ, ಅದೇ ಔಷಧಿ ಬಾಟಲಿಯಿಂದ ಪ್ರಯೋಗ ಮಾಡಿ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ, ನಾನೂ ಮಾಡಿದ್ದೆ. ನಿನ್ನೆ ಎಬ್ಬಿಸಿದ ಕೋಶಗಳನ್ನು ಎಂದಿನಿಂದಲೋ ಬೆಳೆಯುತ್ತಿರುವ ಕೋಶಗಳ ಜೊತೆ ಹೋಲಿಸಬಾರದು. ಹೆಪ್ಪುಗಟ್ಟಿ ಎದ್ದ ಕೋಶಗಳು ಎರಡು ಮೂರು ಪ್ಯಾಸೇಜ್ ಸುಧಾರಿಸಿಕೊಳ್ಳಬೇಕು. ಇನ್ನೂ ಒಳ್ಳೆಯದೆಂದರೆ ಈಗಿನ ಕೋಶಗಳನ್ನೂ ಫ್ರೀಜ್ ಮಾಡಿ, ಎರಡನ್ನೂ ಒಂದೇ ದಿನ ಎಬ್ಬಿಸುವುದು. ಆಗ ಹೆಪ್ಪುಗಟ್ಟಿಸಿದ್ದರ ಪರಿಣಾಮ ಎರಡೂ ಕಡೆ ಸಮವಾಗುತ್ತದೆ, ಉಳಿಯುವುದು ವಯಸ್ಸಿನ ವ್ಯತ್ಯಾಸ ಮಾತ್ರ. ಇದಕ್ಕೆ ಎರಡು ಮೂರು ವಾರ ಹೆಚ್ಚು ಹಿಡಿಯುತ್ತದೆ, ಹಿಡಿಯಲಿ. ಫ್ಲಾಸ್ಕ್‌ಗಳಿಗೆ ಬೇರೆಯವರಿಂದ ಸಂಕೇತ ಹಾಕಿಸಿ, ಯಾವುದು ಹಳೆಯದೆಂದು ಪ್ಲೇಟ್ ಓದುವವರಿಗೆ ತಿಳಿಯದಿರಲಿ.

ಹಳೆಯ ವಯಲ್ ಹಳೆಯ ಫಲಿತಾಂಶವನ್ನೇ ಕೊಟ್ಟು, ಈಗಿನ ಕೋಶಗಳು ಹೊಸ ಫಲಿತಾಂಶ ಕೊಟ್ಟರೆ ದೋಷ ಸಿಕ್ಕಿತು: ಕೋಶಗಳು ಬದಲಾಗಿವೆ. ಏಕೆ ಬದಲಾದವು ಎಂಬುದು ಮುಂದಿನ ಪ್ರಶ್ನೆ. ಎರಡೂ ಒಂದೇ ರೀತಿ ಕೆಟ್ಟ ಫಲಿತಾಂಶ ಕೊಟ್ಟರೆ ಕೋಶಗಳನ್ನು ಬಿಟ್ಟು ಸೀರಮ್ (ಮೀಡಿಯಾಗೆ ಬೆರೆಸುವ ರಕ್ತದ ದ್ರವಭಾಗ), ಔಷಧಿ, ಉಪಕರಣದ ಕಡೆ ಹೋಗಿ. ಎರಡೂ ಹಳೆಯ ಒಳ್ಳೆಯ ಫಲಿತಾಂಶವನ್ನೇ ಕೊಟ್ಟುಬಿಟ್ಟರೆ? ನಮಗೂ ಬೇರೊಂದು ಸೆಲ್ ಲೈನ್‌ನಲ್ಲಿ ಹೀಗಾಯಿತು. ತಡಕಾಡಿ ನೋಡಿದಾಗ ಸಿಕ್ಕಿದ್ದು ಇಷ್ಟು: ಕೆಟ್ಟ ದಿನಗಳಲ್ಲಿ ಪ್ಲೇಟಿಗೆ ಹಾಕಿದ್ದ ಕೋಶಗಳು ತುಂಬಿ ತುಳುಕುತ್ತಿದ್ದ ಫ್ಲಾಸ್ಕಿನಿಂದ ಬಂದಿದ್ದವು. ಸುಮಾರು 80% ತುಂಬಿದಾಗ ಕಿತ್ತವು ಒಂದು ಥರ, ನೂರಕ್ಕೆ ನೂರು ತುಂಬಿ ಎರಡು ದಿನ ಕಳೆದಮೇಲೆ ಕಿತ್ತವು ಇನ್ನೊಂದು ಥರ.

ಬೆಳವಣಿಗೆಯ ವೇಗವೇ ಬದಲಾಗಿದ್ದರೆ ಐಸಿ50ರ ಅಂಕಿಯನ್ನು ಹಾಗೇ ಹೋಲಿಸಬೇಡಿ. 72 ಗಂಟೆಯಲ್ಲಿ ಮೂರು ಸಲ ಇಮ್ಮಡಿಯಾಗುವ ಕೋಶಕ್ಕೂ ಎರಡು ಸಲ ಇಮ್ಮಡಿಯಾಗುವ ಕೋಶಕ್ಕೂ ಔಷಧಿ ಅಷ್ಟೇ ತಾಗಿದರೂ ಅಂಕಿ ಬೇರೆ ಬರುತ್ತದೆ. ಔಷಧಿ ಹಾಕುವ ಹೊತ್ತಿನಲ್ಲೇ ಒಂದು ಪ್ಲೇಟ್ ಓದಿಟ್ಟುಕೊಂಡರೆ ಬೆಳವಣಿಗೆಯ ವೇಗವನ್ನು ಲೆಕ್ಕದಿಂದ ಕಳೆಯಬಹುದು.

ಪ್ಯಾಸೇಜಿನ ವೇಷ ಹಾಕಿ ಬರುವ ಬೇರೆ ದೋಷಗಳು

ಮೊದಲನೆಯದು ಮೈಕೋಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾ. ಕೋಶಗಳನ್ನು ದೀರ್ಘಕಾಲ ಬೆಳೆಸಿದಷ್ಟೂ ಇದು ಸೇರಿಕೊಳ್ಳುವ ಅವಕಾಶ ಹೆಚ್ಚು. ಬೇರೆ ಬ್ಯಾಕ್ಟೀರಿಯಾಗಳಂತೆ ಮೀಡಿಯಾವನ್ನು ಕಲಕಿ ಬಿಡುವುದಿಲ್ಲ, ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, 0.22 ಮೈಕ್ರೋಮೀಟರ್ ಫಿಲ್ಟರಿನಲ್ಲೂ ನುಸುಳಬಲ್ಲದು. ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ಇದನ್ನು ಏನೂ ಮಾಡಲಾರದು. ಅದು ಮೀಡಿಯಾದ ಆರ್ಜಿನೈನ್ ತಿಂದುಹಾಕುತ್ತದೆ, ಕೋಶಗಳ ಜೀನ್ ಕೆಲಸವನ್ನು ಏರುಪೇರು ಮಾಡುತ್ತದೆ, ಬದುಕಿರುವ ಕೋಶಗಳನ್ನು ಅಳೆಯಲು ಹಾಕುವ ಎಂಟಿಟಿ ಬಣ್ಣವನ್ನು ತಾನೇ ಬದಲಾಯಿಸಿ ಸತ್ತ ಕೋಶಗಳನ್ನು ಬದುಕಿರುವಂತೆ ತೋರಿಸಬಲ್ಲದು. ಆ ಪ್ಲೇಟ್ ನೋಡಿದವರು ಕೋಶಗಳು ಔಷಧಿಗೆ ಒಗ್ಗಿಕೊಂಡಿವೆ ಎಂದು ಬರೆದುಬಿಡುತ್ತಾರೆ. ಆಂಟಿಬಯೋಟಿಕ್ ಇಲ್ಲದೆ ಎರಡು ವಾರ ಬೆಳೆಸಿ, ಎರಡು ಮೂರು ದಿನ ಮೀಡಿಯಾ ಬದಲಾಯಿಸದೆ ಇಟ್ಟ ಫ್ಲಾಸ್ಕಿನ ದ್ರವ ತೆಗೆದು ಪಿಸಿಆರ್ ಮಾಡಿ, ಜೊತೆಗೆ ಡಿಎನ್‌ಎಗೆ ಅಂಟುವ ಹೋಕ್ಸ್ಟ್ ಬಣ್ಣದ ಪರೀಕ್ಷೆಯೂ ಇರಲಿ. ಪಾಸಿಟಿವ್ ಬಂದ ಫ್ಲಾಸ್ಕನ್ನು ಆಟೋಕ್ಲೇವ್‌ಗೆ ಹಾಕಿಬಿಡಿ. ಔಷಧಿ ಹಾಕಿ ವಾಸಿ ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಬದಲಿಯೇ ಸಿಗದ ಕೋಶಗಳಾದರೆ ಸರಿ, ಇಲ್ಲದಿದ್ದರೆ ಬೇಡ. ಆ ಚಿಕಿತ್ಸೆಯೂ ಕೆಲವು ಕೋಶಗಳನ್ನಷ್ಟೇ ಉಳಿಸುವ ಒಂದು ಆಯ್ಕೆಯೇ.

ಎರಡನೆಯದು ಕೋಶಗಳೇ ಅದಲುಬದಲಾಗಿರುವುದು. ಹೆನ್ರಿಯೆಟ್ಟಾ ಲ್ಯಾಕ್ಸ್ ಅವರ ದೇಹದಿಂದ 1951ರಲ್ಲಿ ತೆಗೆದ ಹೀಲಾ ಕೋಶಗಳು ಎಷ್ಟು ಚುರುಕೆಂದರೆ, ಒಂದು ಹನಿ ಬೇರೆ ಫ್ಲಾಸ್ಕಿಗೆ ಬಿದ್ದರೆ ಕೆಲವು ಪ್ಯಾಸೇಜಿನಲ್ಲಿ ಅಲ್ಲಿರುವುದನ್ನೆಲ್ಲ ಅಳಿಸಿ ತಾವೇ ತುಂಬಿಕೊಳ್ಳುತ್ತವೆ. ಬೇರೆ ಬೇರೆ ಎಂದು ನಂಬಿದ್ದ 18 ಸೆಲ್ ಲೈನ್‌ಗಳಲ್ಲಿ ಹೀಲಾದ ಗುರುತೇ ಇದೆ ಎಂದು ಸ್ಟ್ಯಾನ್ಲಿ ಗಾರ್ಟ್ಲರ್ 1966ರಲ್ಲೇ ತೋರಿಸಿದ್ದರು. ಸ್ತನ ಕ್ಯಾನ್ಸರಿನದೆಂದು ಬಹುಕಾಲ ಬಳಸಿದ ಎಂಡಿಎ-ಎಂಬಿ-435 ಕೊನೆಗೆ ಎಂ14 ಎಂಬ ಮೆಲನೋಮಾ ಕೋಶವೆಂದು ಗೊತ್ತಾಯಿತು. ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆ ಮಾಡಿಸಿ, ಆಕರ ದಾಖಲೆಯ ಜೊತೆ 80%ಗಿಂತ ಹೆಚ್ಚು ಹೊಂದಿದರೆ ಒಂದೇ ಮೂಲದ ಕೋಶವೆಂದು ಲೆಕ್ಕ.

ಆದರೆ ಇಲ್ಲೊಂದು ಮಾತು ಒತ್ತಿ ಹೇಳಬೇಕು. ಎಸ್‌ಟಿಆರ್ ಹೇಳುವುದು ಈ ಕೋಶ ಯಾರದು ಎಂಬುದನ್ನು, ಈಗ ಅದು ಹೇಗಿದೆ ಎಂಬುದನ್ನಲ್ಲ. ನೂರು ಪ್ಯಾಸೇಜ್ ಆಗಿ ಸಂಪೂರ್ಣ ಬದಲಾದ ಎಂಸಿಎಫ್-7 ಕೂಡ ಎಸ್‌ಟಿಆರ್‌ನಲ್ಲಿ ಎಂಸಿಎಫ್-7 ಎಂದೇ ಬರಬಹುದು. ವರದಿ ಸರಿಯಿದೆ ಎಂದು ಕೋಶಗಳ ಮೇಲಿನ ಅನುಮಾನ ಬಿಟ್ಟವರನ್ನು ಬಹಳ ನೋಡಿದ್ದೇನೆ. ನಾವೂ ಆ ನಾಲ್ಕು ತಿಂಗಳಲ್ಲಿ ಎರಡು ತಿಂಗಳು ಕಳೆದುಕೊಂಡದ್ದು ಇದೇ ಕಾರಣಕ್ಕೆ.

ಸೀರಮ್ ಲಾಟ್ ಬದಲಾದ ತಾರೀಖನ್ನು ಫಲಿತಾಂಶ ಕೆಟ್ಟ ತಾರೀಖಿನ ಪಕ್ಕದಲ್ಲಿ ಬರೆದು ನೋಡಿ. ಹಾರ್ಮೋನಿಗೆ ಸ್ಪಂದಿಸುವ ಕೋಶಗಳಾದರೆ ಮೀಡಿಯಾದ ಫೀನಾಲ್ ರೆಡ್ ಕೂಡ ಈಸ್ಟ್ರೋಜನ್ನಿನಂತೆ ಸ್ವಲ್ಪ ವರ್ತಿಸುತ್ತದೆ, ಅದಿಲ್ಲದ ಮೀಡಿಯಾ ಬಳಸಿ. ಡಿಎಂಇಎಂ ಎಂಬ ಮೀಡಿಯಾದ ಬಾಟಲಿಯಲ್ಲಿ ಲೀಟರಿಗೆ 4.5 ಗ್ರಾಂ ಗ್ಲೂಕೋಸ್ ಇದೆಯೋ 1 ಗ್ರಾಂ ಇದೆಯೋ ಓದಿ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ.

ಹೊರಗಿನ ಜೀನ್ ಸೇರಿಸಿದ ಕೋಶಗಳಲ್ಲಿ ಇನ್ನೊಂದು ಬಗೆಯ ಸೋರಿಕೆ ಇರುತ್ತದೆ. ಆ ಜೀನ್ ಇರುವ ಕೋಶಗಳನ್ನಷ್ಟೇ ಉಳಿಸುವ ಜಿ418ನಂಥ ಆಯ್ಕೆಯ ಔಷಧಿಯನ್ನು ಮೀಡಿಯಾದಿಂದ ತೆಗೆದರೆ ಆ ಜೀನನ್ನು ಹೊರುವ ಹೊರೆಯಿಲ್ಲದ ಕೋಶಗಳು ಮುಂದೆ ಬರುತ್ತವೆ. ಔಷಧಿ ಇದ್ದರೂ ಮೆಥಿಲೇಶನ್‌ನಿಂದ (ಡಿಎನ್‌ಎಗೆ ರಾಸಾಯನಿಕ ಗುರುತು ಅಂಟುವುದು) ಪ್ರೊಮೋಟರ್, ಅಂದರೆ ಜೀನಿನ ಸ್ವಿಚ್, ಮೌನವಾಗಬಹುದು. ಪ್ರತಿ ಐದು ಪ್ಯಾಸೇಜಿಗೊಮ್ಮೆ ವೆಸ್ಟರ್ನ್ ಬ್ಲಾಟ್‌ನಲ್ಲೋ ಫ್ಲೋ ಸೈಟೋಮೆಟ್ರಿಯಲ್ಲೋ ಆ ಪ್ರೋಟೀನ್ ಇದೆಯೇ ನೋಡಿ. ಮಾನವ ಕಾಂಡಕೋಶ ಬೆಳೆಸುವವರು 20ನೇ ಕ್ರೋಮೋಸೋಮಿನ ಉದ್ದ ತೋಳಿನ 20ಕ್ಯೂ11.21 ಭಾಗ ನೆನಪಿಟ್ಟುಕೊಳ್ಳಿ. ಈ ಭಾಗದ ಪ್ರತಿ ಹೆಚ್ಚಾದರೆ ಅಲ್ಲಿರುವ ಬಿಸಿಎಲ್2ಎಲ್1 ಜೀನಿನಿಂದಾಗಿ ಕೋಶ ಸುಲಭಕ್ಕೆ ಸಾಯುವುದಿಲ್ಲ, ಫ್ಲಾಸ್ಕನ್ನು ಆಳತೊಡಗುತ್ತದೆ. ಭಾಗ ಚಿಕ್ಕದಾದ್ದರಿಂದ ಮಾಮೂಲಿ ಕ್ಯಾರಿಯೋಟೈಪಿನಲ್ಲಿ (ಕ್ರೋಮೋಸೋಮ್‌ಗಳ ಚಿತ್ರ) ತಪ್ಪಿಹೋಗಬಹುದು, ಆ ಭಾಗವನ್ನೇ ಹುಡುಕುವ ಫಿಶ್ ಅಥವಾ ಕ್ಯುಪಿಸಿಆರ್ ಪರೀಕ್ಷೆ ಬೇಕು.

ಹಳೆಯ ವಯಲೇ ಇಲ್ಲದಿದ್ದರೆ

ಬಹುತೇಕರ ಸ್ಥಿತಿ ಇದೇ. ಎಟಿಸಿಸಿ, ಇಕ್ಯಾಕ್, ಡಿಎಸ್‌ಎಂಜೆಡ್‌ನಂಥ ಕೋಶಭಂಡಾರದಿಂದ ಹೊಸ ವಯಲ್ ತರಿಸಿ. ಅದರಿಂದ ನಿಮ್ಮ ಹಳೆಯ ಅಂಕಿ ಮರಳಿ ಬಂದೇ ಬರುತ್ತದೆ ಎಂದು ನಂಬಿ ಕೂರಬೇಡಿ. ಭಂಡಾರದ ವಯಲಿಗೂ ತನ್ನದೇ ಇತಿಹಾಸ ಇದೆ, ನಿಮ್ಮ ಹಳೆಯ ಕೋಶಗಳು ಅದೇ ಕವಲಿನವು ಎಂದೇನೂ ಇಲ್ಲ. ಒಂದೇ ಕೋಶದಿಂದ ಹೊಸ ಕ್ಲೋನ್ ಎಬ್ಬಿಸಿದರೆ ಎಲ್ಲ ಏಕರೂಪವಾಗುತ್ತದಲ್ಲ ಎಂದು ಕೇಳುತ್ತಾರೆ. ಕೆಲವು ವಾರ ಆಗಬಹುದು. ಆಮೇಲೆ ಅದರಲ್ಲೂ ಹೊಸ ವ್ಯತ್ಯಾಸಗಳು ಹುಟ್ಟಿಕೊಳ್ಳುತ್ತವೆ. ಹೊಸ ವಯಲಿನಿಂದ ಹೊಸ ಅಳತೆ ತೆಗೆದು, ಅದನ್ನೇ ಇನ್ನು ಮುಂದಿನ ಆಧಾರವಾಗಿ ಇಟ್ಟುಕೊಳ್ಳುವುದೇ ಪ್ರಾಮಾಣಿಕ ದಾರಿ. ಹಳೆಯ ಫಲಿತಾಂಶ ಆಗಲೇ ಪ್ರಕಟವಾಗಿದ್ದರೆ, ಹೊಸ ವಯಲಿನಲ್ಲಿ ಅದು ಬರಲಿಲ್ಲ ಎಂಬುದನ್ನೂ ಬರೆಯಬೇಕು. ಕಷ್ಟವೆನಿಸುತ್ತದೆ, ಆದರೂ ಬರೆಯಬೇಕು. ಬೇರೆಲ್ಲೋ ಇನ್ನೊಬ್ಬ ವಿದ್ಯಾರ್ಥಿ ನಿಮ್ಮ ಪ್ರಬಂಧ ಮುಂದಿಟ್ಟುಕೊಂಡು ಅದನ್ನೇ ಪಡೆಯಲು ಒದ್ದಾಡುತ್ತಿರುತ್ತಾನೆ.

ಮತ್ತೆ ಆಗದಂತೆ

ಕೋಶಗಳು ಕೈಗೆ ಬಂದ ಮೊದಲ ವಾರದಲ್ಲೇ, ಯಾವ ಪ್ರಯೋಗವನ್ನೂ ಶುರು ಮಾಡುವ ಮೊದಲು, ಬ್ಯಾಂಕ್ ಮಾಡಿ. ಹತ್ತಿಪ್ಪತ್ತು ವಯಲಿನ ಮಾಸ್ಟರ್ ಬ್ಯಾಂಕ್, ಅದರ ಒಂದು ವಯಲಿನಿಂದ ಮತ್ತೆ ಇಪ್ಪತ್ತು ವಯಲಿನ ವರ್ಕಿಂಗ್ ಬ್ಯಾಂಕ್. ಮಾಸ್ಟರ್ ಇಪ್ಪತ್ತಾದರೆ ಒಟ್ಟು 400 ವಯಲಿಗೆ ದಾರಿಯಾಯಿತು, ಎಲ್ಲವೂ ಮೂಲದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿ. ಚೆನ್ನಾಗಿ ಬೆಳೆಯುತ್ತಿರುವಾಗಲೇ ಕೀಳಿ, 90%ಗಿಂತ ಹೆಚ್ಚು ಕೋಶಗಳು ಜೀವಂತ ಇರಲಿ, ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಪಾಡುವ ಡಿಎಂಎಸ್‌ಒ 10% ಹಾಕಿ ನಿಮಿಷಕ್ಕೆ ಸುಮಾರು 1 ಡಿಗ್ರಿಯಂತೆ ತಂಪಾಗಲು ಬಿಡಿ. ಮೈನಸ್ 80 ಫ್ರೀಜರ್ ಒಂದೆರಡು ರಾತ್ರಿಗೆ ಮಾತ್ರ, ಆಮೇಲೆ ಲಿಕ್ವಿಡ್ ನೈಟ್ರೋಜನ್. ಮೈನಸ್ 80ರಲ್ಲಿ ವರ್ಷಗಟ್ಟಲೆ ಬಿಟ್ಟ ವಯಲಿನಲ್ಲಿ ಬದುಕುಳಿಯುವ ಕೋಶಗಳು ಕಡಿಮೆ, ಬದುಕಿದವೂ ಆಯ್ಕೆಯಾದವೇ. ಬ್ಯಾಂಕಿನ ಒಂದು ಪಾಲು ಬೇರೆ ಟ್ಯಾಂಕಿನಲ್ಲಿರಲಿ.

ಎಷ್ಟು ಪ್ಯಾಸೇಜಿಗೆ ಎಸೆಯಬೇಕು? ಎಲ್ಲರಿಗೂ ಹೊಂದುವ ಒಂದು ಸಂಖ್ಯೆ ಬೇಕೆಂದು ಕೇಳುತ್ತಾರೆ, ಅಂಥ ಸಂಖ್ಯೆ ಇಲ್ಲ. ಎಬ್ಬಿಸಿದ ಮೇಲೆ ಹತ್ತು ಪ್ಯಾಸೇಜ್ ಅಥವಾ ಎರಡು ಮೂರು ತಿಂಗಳು ಎಂದು ಶುರು ಮಾಡಿ. ಆ ಅವಧಿಯಲ್ಲಿ ಪ್ರತಿ ಐದು ಪ್ಯಾಸೇಜಿಗೊಮ್ಮೆ ಇಮ್ಮಡಿಯ ಸಮಯವನ್ನೂ, ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಔಷಧಿಯ ಐಸಿ50ಯನ್ನೂ ಅಳೆದು ಗ್ರಾಫಿನಲ್ಲಿ ಚುಕ್ಕೆ ಇಡಿ. ಚುಕ್ಕೆಗಳು ಒಂದೇ ಕಡೆ ಜಾರತೊಡಗಿದ ಜಾಗವೇ ನಿಮ್ಮ ಮಿತಿ. ನಮ್ಮ ಎರಡು ಸೆಲ್ ಲೈನ್‌ಗಳಿಗೇ ಅದು ಬೇರೆ ಬೇರೆ ಬಂತು.

ಒಂದೇ ಫ್ಲಾಸ್ಕಿನಿಂದ ಒಂದೇ ವಾರ ಮಾಡಿದ ಮೂರು ಪ್ಲೇಟ್‌ಗಳನ್ನು ಮೂರು ಸ್ವತಂತ್ರ ಪ್ರಯೋಗ ಎನ್ನಬೇಡಿ. ಮುಖ್ಯವಾದ ಫಲಿತಾಂಶವನ್ನು ಬೇರೆ ಬೇರೆ ದಿನ ಎಬ್ಬಿಸಿದ ಎರಡು ವಯಲುಗಳಲ್ಲಿ ನೋಡಿ. ಪಿ 8ರಿಂದ ಪಿ 12ರ ನಡುವೆ ಮಾತ್ರ ಬರುವ ಫಲಿತಾಂಶ ಸುಳ್ಳಲ್ಲ, ಆದರೆ ಪ್ರಬಂಧದಲ್ಲಿ ಆ ಮಿತಿಯನ್ನು ಬರೆಯಲೇಬೇಕು. ಕೋಶಗಳು ಎಲ್ಲಿಂದ ಬಂದವು, ಯಾವ ಪ್ಯಾಸೇಜಿನಿಂದ ಯಾವ ಪ್ಯಾಸೇಜಿನವರೆಗೆ ಬಳಸಿದಿರಿ, ಎಷ್ಟಾಗಿ ಹಂಚಿದಿರಿ, ಮೈಕೋಪ್ಲಾಸ್ಮಾ ಪರೀಕ್ಷೆ ಯಾವಾಗ ಆಯಿತು ಎಂಬ ನಾಲ್ಕು ಸಾಲು ಬರೆದರೆ ಓದುವವರ ಅರ್ಧ ಗೊಂದಲ ಕಳೆಯುತ್ತದೆ.

ನಮ್ಮ ಎಂಸಿಎಫ್-7ಗೆ ಟ್ಯಾಂಕಿನ ತಳದ ಪೆಟ್ಟಿಗೆಯಲ್ಲಿ ಪಿ 4ರ ಎರಡು ವಯಲ್ ಸಿಕ್ಕವು. ಒಂದನ್ನು ಎಬ್ಬಿಸಿ, ಮೂರು ಪ್ಯಾಸೇಜ್ ಕಾದು, ಪಿ 22ರ ಪಕ್ಕದಲ್ಲಿ ಹಾಕಿದೆವು. ಯಾವ ಫ್ಲಾಸ್ಕ್ ಯಾವುದೆಂದು ವಿದ್ಯಾರ್ಥಿನಿಗೆ ತಿಳಿದಿರಲಿಲ್ಲ. ಪ್ಲೇಟ್ ಓದಿದಮೇಲೆ ಅವಳೇ, "ಎ ಅಂತ ಬರೆದಿರೋದು ನನ್ನ ಹಳೇ ಸೆಲ್ಸ್" ಅಂದಳು. ಅವಳ ಮಾತು ಸರಿಯಿತ್ತು, ಹಳೆಯ ಐಸಿ50 ಎಯಲ್ಲಿ ಮರಳಿ ಬಂದಿತ್ತು. ಆ ಪಿ 22ರ ಕೋಶಗಳನ್ನು ನಾವು ಎಸೆಯಲಿಲ್ಲ. ಐದು ವಯಲ್ ಮಾಡಿ, ಆಲ್ಕೋಹಾಲ್‌ಗೆ ಅಳಿಸದ ಲೇಬಲ್ ಹಚ್ಚಿ, "ಪಿ 22, ನಮ್ಮ ಲ್ಯಾಬಿಗೆ ಬಂದ ದಿನದಿಂದ ಎಣಿಸಿದ್ದು, ಮೂಲ ಗೊತ್ತಿಲ್ಲ" ಎಂದು ಬರೆದು ಟ್ಯಾಂಕಿಗೆ ಇಳಿಸಿದೆವು. ಔಷಧಿ ತಾಗದ ಕೋಶಗಳಲ್ಲಿ ಏನು ಬದಲಾಯಿತು ಎಂಬುದೇ ಈಗ ಅವಳ ಎರಡನೇ ಅಧ್ಯಾಯ.